ನಲ್ಲಿ ತಿರುವೋ ಕೈ ಯಾರದ್ದು?



ಇವತ್ತು ಮಾರ್ಚ್ 20. ಮಹಾಡ್ ದಿನ. 1927ರಲ್ಲಿ ಇದೇ ದಿನ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು. ಇವತ್ತು ನಮ್ಮೆಲ್ಲರ ಗೋಡೆ ಮೇಲೂ ಆ ಕೆರೆಯ ಚಿತ್ರ ಇರುತ್ತೆ, ಇರಲೇಬೇಕು. ನಾನು ಮಾತ್ರ ಆ ಕೆರೆಗಿಂತ ಮುಂಚಿನ ಒಂದು ನಲ್ಲಿ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಸಾತಾರಾದ ಶಾಲೆ. ಹುಡುಗ ಭೀಮ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತ್ಕೋತಾನೆ. ಇದು ನಮಗೆಲ್ಲ ಗೊತ್ತಿರೋದೇ. ಶಾಲೆಯಲ್ಲಿ ನಲ್ಲಿ ಇತ್ತು ಅನ್ನೋದನ್ನ ಮಾತ್ರ ನಾವು ಮರೀತೀವಿ. ಬೇರೆ ಮಕ್ಕಳಿಗೆ ಬಾಯಾರಿಕೆ ಆದ್ರೆ ಮೇಷ್ಟ್ರನ್ನ ಕೇಳಿ, ನಲ್ಲಿ ತಿರುವಿ ಕುಡಿದು ಬರೋರು. ಭೀಮನಿಗೆ ಮೇಷ್ಟ್ರ ಅಪ್ಪಣೆ ಸಾಕಾಗ್ತಿರಲಿಲ್ಲ. ಶಾಲೆ ಜವಾನ ಬಂದು ನಲ್ಲಿ ತಿರುವಬೇಕು, ಆಮೇಲೆ ಈ ಹುಡುಗ ಬಾಯಿ ಒಡ್ಡಬೇಕು. ಜವಾನ ಇಲ್ಲದ ದಿನ ನೀರಿಲ್ಲ. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಪುಟ್ಟ ಬರಹದಲ್ಲಿ ಬಾಬಾಸಾಹೇಬರೇ ಇದನ್ನ ಬರೆದಿದ್ದಾರೆ.

ಗಮನಿಸಿ. ಅಲ್ಲಿ ನೀರಿಗೆ ಬರ ಇರಲಿಲ್ಲ. ಪೈಪು ಇತ್ತು, ನೀರು ನಲ್ಲಿಯ ಬಾಯಿವರೆಗೂ ಬಂದು ನಿಂತಿತ್ತು. ತಡೆ ಇದ್ದದ್ದು ನಲ್ಲಿಯ ಹಿಡಿ ಮೇಲೆ. ಅದನ್ನ ತಿರುವೋ ಕೈ ಯಾರದ್ದು ಅನ್ನೋದೇ ಜಾತಿ.

ಇದನ್ನ ಯಾಕೆ ಈಗ ಹೇಳ್ತಿದ್ದೀನಿ ಅಂದ್ರೆ, ನಾನು ಕೆಲವು ತಿಂಗಳಿಂದ ಮನೆ ಪ್ಲಂಬಿಂಗ್ ಕೆಲಸ ಕಲೀತಿದ್ದೀನಿ. ನಲವತ್ತು ದಾಟಿದ ಮೇಲೆ, ಇಪ್ಪತ್ತು ವರ್ಷ ಫೈಲು ಹಿಡಿದ ಕೈಯಲ್ಲಿ. ವಾಷರ್ ಬದಲಾಯಿಸೋದು, ಟೆಫ್ಲಾನ್ ಟೇಪ್ ಸುತ್ತೋದು, ಸಿಂಕ್ ಕೆಳಗಿನ ಟ್ರ್ಯಾಪ್ ಬಿಚ್ಚಿ ತೊಳೆಯೋದು. ಇದನ್ನ ಕೇಳಿ ಸಂಘಟನೆಯ ಕಿರಿಯ ಗೆಳೆಯನೊಬ್ಬ ಬೇಜಾರು ಮಾಡ್ಕೊಂಡ. "ಅಣ್ಣಾ, ಬಾಬಾಸಾಹೇಬ್ರು ಪೆನ್ನು ಹಿಡೀರಿ ಅಂದ್ರು. ನೀವು ಸ್ಪ್ಯಾನರ್ ಹಿಡ್ಕೊಂಡು ಮೋರಿ ಹತ್ರ ಕೂತಿದ್ದೀರಲ್ಲ. ನಮ್ಮ ತಾತಂದಿರು ಇದರಿಂದ ತಪ್ಪಿಸಿಕೊಳ್ಳೋಕೆ ತಾನೇ ಅಷ್ಟು ಕಷ್ಟಪಟ್ಟಿದ್ದು?"

ಅವನ ಪ್ರಶ್ನೆ ಸಣ್ಣದಲ್ಲ. ಒಂದು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಆಗಲ್ಲ. ಅದಕ್ಕೇ ಚರಿತ್ರೆಗೆ ಹೋಗ್ತಿದ್ದೀನಿ.

*ತೂಬು ಎತ್ತಿದವರು ನಾವು*

ನಲ್ಲಿ ಬರೋಕೆ ನೂರಾರು ವರ್ಷ ಮುಂಚೆ ನಮ್ಮ ನಾಡಲ್ಲಿ ತೂಬು ಇತ್ತು. ಕೆರೆ ಏರಿಯ ಒಳಮಗ್ಗುಲಲ್ಲಿ ಕಲ್ಲಿನ ಕಂಡಿ, ಅದನ್ನ ಮುಚ್ಚೋಕೆ ಒಂದು ಗೂಟ. ಗೂಟ ಎತ್ತಿದ್ರೆ ನೀರು ಕಾಲುವೆಗೆ, ಇಳಿಸಿದ್ರೆ ನೀರು ನಿಲ್ಲುತ್ತೆ. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಕೆರೇಲಿ ನೀರು ಕಮ್ಮಿ ಆದಾಗ ಹೇಗೆ ಹಂಚಬೇಕು, ಇದನ್ನೆಲ್ಲ ಬಲ್ಲವನು ನೀರುಗಂಟಿ. ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು.

ಹಳೇ ಮೈಸೂರು ಸೀಮೆಯಲ್ಲಿ, ಅದರಲ್ಲೂ ಕೋಲಾರದ ಕಡೆ, ನೀರುಗಂಟಿ ಕೆಲಸ ಮಾಡಿದವರು ಬಹುಪಾಲು ನಮ್ಮವರೇ. ಹೊಲಗೇರಿ, ಮಾದಿಗರ ಕೇರಿಯವರು. ನೀರಿನ ಒತ್ತಡ ಎಷ್ಟು, ಇಳಿಜಾರು ಎಷ್ಟು, ಎಲ್ಲಿ ಸೋರ್ತಿದೆ, ಮಣ್ಣು ಎಲ್ಲಿ ಕುಸೀಬಹುದು ಅನ್ನೋದನ್ನ ಕಾಲಲ್ಲಿ ತುಳಿದು ಹೇಳೋ ಜನ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಊರಿನ ಹೈಡ್ರಾಲಿಕ್ ಎಂಜಿನಿಯರ್ರು.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಇಡೀ ಊರಿನ ಗದ್ದೆಗೆ ನೀರು ಬಿಟ್ಟ ಅದೇ ಮನುಷ್ಯ ಊರ ಬಾವಿಗೆ ಬಿಂದಿಗೆ ಇಳಿಸೋ ಹಾಗಿರಲಿಲ್ಲ. ಬಾವಿ ಕಟ್ಟೆಯಿಂದ ದೂರ ನಿಂತು, ಯಾರಾದ್ರೂ ಮೇಲಿನವರು ಬಂದು ಎತ್ತಿ ಹುಯ್ಯಲಿ ಅಂತ ಕಾಯಬೇಕಿತ್ತು. ಅವನು ಮುಟ್ಟಿದ ನೀರಲ್ಲಿ ಬೆಳೆದ ಭತ್ತ ಎಲ್ಲರ ಮನೆ ಒಳಕ್ಕೂ ಹೋಗುತ್ತೆ, ದೇವರ ನೈವೇದ್ಯಕ್ಕೂ ಆಗುತ್ತೆ. ಅವನು ಮುಟ್ಟಿದ ಬಾವಿ ಮಾತ್ರ ಮೈಲಿಗೆ.

ಅಂದ್ರೆ ಕೈಗೆ ವಿದ್ಯೆ ಇರಲಿಲ್ಲ ಅಂತ ನಮಗೆ ನೀರು ತಪ್ಪಲಿಲ್ಲ. ವಿದ್ಯೆ ನಮ್ಮ ಕೈಲಿತ್ತು. ಹಕ್ಕು ಇರಲಿಲ್ಲ.

*ನಲ್ಲಿ ಬಂತು, ಕೇರಿ ಹಾಗೇ ಇತ್ತು*

ತಿರುಪಿನ ನಲ್ಲಿ ಅಷ್ಟೇನೂ ಹಳೇದಲ್ಲ. ಇಂಗ್ಲೆಂಡಿನ ರಾದರ್‌ಹ್ಯಾಮ್‌ನಲ್ಲಿ ಗೆಸ್ಟ್ ಅಂಡ್ ಕ್ರೈಮ್ಸ್ ಅನ್ನೋ ಕಾರ್ಖಾನೆ 1845ರಲ್ಲಿ ಇದನ್ನ ತಯಾರಿಸೋಕೆ ಶುರು ಮಾಡಿತು. ಒಳಗಡೆ ಏನಿದೆ? ಒಂದು ಸ್ಪಿಂಡಲ್, ಅದರ ತುದೀಲಿ ವಾಷರ್, ಕೆಳಗೆ ಅದು ಕೂರೋಕೆ ಒಂದು ಗುಂಡಗಿನ ಸೀಟು. ತಿರುವಿದಾಗ ವಾಷರ್ ಮೇಲೆದ್ದು ನೀರಿಗೆ ದಾರಿ ಬಿಡುತ್ತೆ, ವಾಪಸ್ ತಿರುವಿದ್ರೆ ಸೀಟಿನ ಮೇಲೆ ಕೂತು ದಾರಿ ಮುಚ್ಚುತ್ತೆ. ಮೊದಲ ಸಲ ನಲ್ಲಿ ಬಿಚ್ಚಿ ನೋಡಿದಾಗ ನನಗೆ ಅನಿಸಿದ್ದು ಇಷ್ಟೇ, ನೀರುಗಂಟಿಯ ಗೂಟ ಮಾಡ್ತಿದ್ದ ಕೆಲಸಾನೇ ಇವತ್ತು ಈ ಅರ್ಧ ಇಂಚಿನ ವಾಷರ್ ಮಾಡ್ತಿದೆ.

ಬೆಂಗಳೂರಿಗೆ ಅರ್ಕಾವತಿಯ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂದದ್ದು 1890ರ ದಶಕದಲ್ಲಿ. ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ. ಕಾವೇರಿ ಬಂದದ್ದು 1974ರಲ್ಲಿ. ಪೈಪಿಗೆ ಜಾತಿ ಗೊತ್ತಿಲ್ಲ ನಿಜ. ಆದ್ರೆ ಪೈಪು ಎಲ್ಲಿಂದ ಎಲ್ಲಿಗೆ ಹಾಕಬೇಕು ಅಂತ ಗೆರೆ ಎಳೆಯೋ ಮನುಷ್ಯನಿಗೆ ಜಾತಿ ಗೊತ್ತು. ಪ್ಲಂಬಿಂಗ್ ಕಲಿತರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಒಂದೇ ಲೈನಿನಲ್ಲಿ ಮೊದಲು ಸಿಗೋ ಮನೆಗೆ ಒತ್ತಡ ಜಾಸ್ತಿ, ಕೊನೆಗೆ ಸಿಗೋ ಮನೆಗೆ ಕಮ್ಮಿ. ದಾರೀಲಿ ಎಷ್ಟು ತಿರುವು, ಎಷ್ಟು ಜಾಯಿಂಟು, ಎಷ್ಟು ಕವಲು ಇರುತ್ತೋ ಅಷ್ಟು ಒತ್ತಡ ಕಳೀತಾ ಹೋಗುತ್ತೆ. ಊರಿನ ಟ್ಯಾಂಕಿನಿಂದ ಹೊರಟ ಲೈನು ಊರೆಲ್ಲ ಸುತ್ತಿ ಕೊನೆಗೆ ಕೇರಿಗೆ ಬಂದ್ರೆ, ಕೇರಿಯ ನಲ್ಲೀಲಿ ನೀರು ದಾರದ ಥರ ಬರುತ್ತೆ. ಕೇಳಿದ್ರೆ "ಪ್ರೆಶರ್ ಇಲ್ಲ ಕಣ್ರೀ" ಅಂತಾರೆ. ಪ್ರೆಶರ್ ಯಾಕಿಲ್ಲ ಅಂತ ಮರುಪ್ರಶ್ನೆ ಹಾಕೋಕೆ ನಮಗೆ ಪೈಪಿನ ವಿದ್ಯೆ ಗೊತ್ತಿರಬೇಕು. ಲೈನಿನ ನಕ್ಷೆ ತೋರಿಸಿ, ಎಷ್ಟು ಇಂಚಿನ ಪೈಪು ಹಾಕಿದ್ದೀರಿ, ವಾಲ್ವ್ ಎಲ್ಲಿದೆ, ಅದರ ಕೀಲಿ ಯಾರ ಹತ್ರ ಇದೆ ಅಂತ ಕೇಳಿದ ದಿನ ಗ್ರಾಮಸಭೆಯ ಮಾತಿನ ಧಾಟಿನೇ ಬದಲಾಗುತ್ತೆ.

ಕಾನೂನಿನ ದಾರಿಯೂ ಇದೇ ಗತಿಯಲ್ಲಿ ಬಂತು. 1868ರಲ್ಲಿ ಮಹಾತ್ಮ ಫುಲೆಯವರು ಪುಣೆಯ ತಮ್ಮ ಮನೆಯ ನೀರಿನ ತೊಟ್ಟಿಯನ್ನ ಅಸ್ಪೃಶ್ಯರಿಗೆ ತೆರೆದರು. 1923ರಲ್ಲಿ ಎಸ್.ಕೆ. ಬೋಲೆಯವರ ನಿರ್ಣಯ ಬಾಂಬೆ ಶಾಸನಸಭೆಯಲ್ಲಿ ಪಾಸಾಯ್ತು, ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ. 1924ರಲ್ಲಿ ಮಹಾಡ್ ಪುರಸಭೆ ತನ್ನ ಕೆರೆ ಎಲ್ಲರಿಗೂ ಮುಕ್ತ ಅಂತ ಬರೆದುಕೊಂಡಿತು. ಬರೆದದ್ದು ಕಾಗದದ ಮೇಲೇ ಉಳೀತು. ಅದನ್ನ ನೆಲಕ್ಕೆ ಇಳಿಸೋಕೆ 1927ರಲ್ಲಿ ನಮ್ಮ ಜನ ನಡೆದುಹೋಗಬೇಕಾಯ್ತು, ಹೊಡೆತ ತಿನ್ನಬೇಕಾಯ್ತು. ಆಮೇಲೆ ಸವರ್ಣೀಯರು ಸಗಣಿ, ಗೋಮೂತ್ರ ಹಾಕಿ ಕೆರೆಯನ್ನ 'ಶುದ್ಧಿ' ಮಾಡಿದರು. ಕೋರ್ಟಲ್ಲಿ ಗೆದ್ದದ್ದು 1937ರಲ್ಲಿ. ಕುಡಿದ ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೇಸು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅಂದ್ರೆ ಈಗ ನಾವು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅನ್ನೋದು, ಅದರ ನಾಲ್ಕನೇ ಸೆಕ್ಷನ್ ಒಮ್ಮೆ ತೆಗೆದು ನೋಡಿ. ಹೊಳೆ, ತೊರೆ, ಬಾವಿ, ಕೆರೆ, ತೊಟ್ಟಿ ಅಂತ ಪಟ್ಟಿ ಮಾಡ್ತಾ ಅಲ್ಲಿ ನೀರಿನ ನಲ್ಲಿಯ ಹೆಸರೂ ಇದೆ. ನಲ್ಲಿ ಬಂದ್ರೆ ಜಾತಿ ತಾನಾಗೇ ಹೋಗುತ್ತೆ ಅನ್ನೋದು ಸುಳ್ಳು ಅಂತ ಕಾನೂನಿಗೇ ಗೊತ್ತಿತ್ತು.

*ಬರೋ ಪೈಪು, ಹೋಗೋ ಪೈಪು*

ಇಲ್ಲಿವರೆಗೂ ಹೇಳಿದ್ದು ಮನೆಗೆ ಬರೋ ಪೈಪಿನ ಕಥೆ. ಮನೆಯಿಂದ ಹೊರಗೆ ಹೋಗೋ ಪೈಪಿನದ್ದು ಬೇರೆ. ಬರೋ ಪೈಪಿಂದ ನಮ್ಮನ್ನ ದೂರ ಇಟ್ಟರು. ಹೋಗೋ ಪೈಪಿನೊಳಕ್ಕೆ ನಮ್ಮನ್ನೇ ಇಳಿಸಿದರು.

ಕಕ್ಕಸಿನ ಕೆಳಗೆ ಬಾಗಿರೋ ಒಂದು ಪೈಪು ಇರುತ್ತಲ್ಲ, ಎಸ್ ಆಕಾರದ್ದು, ಅದರ ಪೇಟೆಂಟ್ ಸಿಕ್ಕಿದ್ದು 1775ರಲ್ಲಿ, ಲಂಡನ್ನಿನ ಅಲೆಕ್ಸಾಂಡರ್ ಕಮ್ಮಿಂಗ್ ಅನ್ನೋ ಗಡಿಯಾರ ಮಾಡೋನಿಗೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ. ಒಳಚರಂಡಿಯ ವಾಸನೆ, ವಿಷದ ಗಾಳಿ ಮನೆಯೊಳಗೆ ಬರದ ಹಾಗೆ ತಡೆಯೋದು ಆ ಎರಡು ಮೂರು ಇಂಚು ನೀರೇ. ಇಷ್ಟು ಸರಳವಾದ ಉಪಾಯ. ಇದು ಕಂಡುಹಿಡಿದು ಎರಡು ಶತಮಾನ ಕಳೆದ ಮೇಲೂ ನಮ್ಮ ದೇಶದಲ್ಲಿ ಒಣ ಕಕ್ಕಸುಗಳಿದ್ದವು, ತಲೆ ಮೇಲೆ ಹೊತ್ತುಕೊಂಡು ಹೋಗೋರಿದ್ದರು.

ಕೆಜಿಎಫ್ ನೆನಪಿಸಿಕೊಳ್ಳಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಭೂಮಿಯೊಳಗೆ ಸಾವಿರಾರು ಅಡಿ ಕೆಳಕ್ಕೆ ಮನುಷ್ಯರನ್ನ ಇಳಿಸಿ ಮೇಲೆತ್ತೋ ಯಂತ್ರ ಇತ್ತು. ಆದ್ರೆ ಕಾರ್ಮಿಕರ ಲೈನುಗಳಲ್ಲಿ ಒಣ ಕಕ್ಕಸು, ಅದನ್ನ ಬಳಿಯೋಕೆ ಮನುಷ್ಯರ ಕೈ. ಆ ಕೆಲಸ ಮಾಡೋ ಸಮುದಾಯದಲ್ಲಿ ಅದೇ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚಿನ್ನ ತೆಗೆಯೋಕೆ ತಂತ್ರಜ್ಞಾನ ತಂದವರಿಗೆ ಕಕ್ಕಸಿಗೆ ಬಾಗಿದ ಪೈಪು ತರೋದು ಕಷ್ಟ ಆಗಿತ್ತಾ? ಇಲ್ಲ. ಕೈಗೆ ಸಿಗೋ ಜಾತಿ ಇದ್ದಾಗ ಪೈಪಿಗೆ ಯಾಕೆ ದುಡ್ಡು ಹಾಕ್ತಾರೆ?

1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಷೇಧ ಮಾಡಿದರು. ಕೇಂದ್ರದ ಕಾಯ್ದೆ ಬರೋಕೆ 1993 ಆಗಬೇಕಾಯ್ತು. ಅಷ್ಟಾದ್ರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಬಂಧುಗಳು ಪುರಸಭೆ ಮುಂದೆ ತಮ್ಮ ಮೈಮೇಲೇ ಮಲ ಸುರಿದುಕೊಂಡು ನ್ಯಾಯ ಕೇಳಬೇಕಾಯ್ತು. 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಒಳಚರಂಡಿ ಸಾವಿಗೆ ಹತ್ತು ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಅಂದ್ರೆ ಏನರ್ಥ? ಸಾವು ನಿಂತಿಲ್ಲ ಅಂತ.

*ಪ್ಲಂಬರ್ರಿಗೂ ಪೌರಕಾರ್ಮಿಕರಿಗೂ ಮಧ್ಯೆ*

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ.

ಪ್ಲಂಬರ್ ಕೈಲೂ ಪೈಪು, ಪೌರಕಾರ್ಮಿಕನ ಕೈಲೂ ಪೈಪು. ಒಬ್ಬನನ್ನ ಫೋನ್ ಮಾಡಿ ಕರೀತೀವಿ, "ಯಾವಾಗ ಬರ್ತೀರಾ ಸಾರ್" ಅಂತೀವಿ, ಅವನು ಹೇಳಿದ ರೇಟಿಗೆ ಒಪ್ಪಿಕೋತೀವಿ. ಇನ್ನೊಬ್ಬನನ್ನ "ಲೋ ಬಾರೋ ಇಲ್ಲಿ" ಅಂತೀವಿ. ಕೆಲಸದಲ್ಲಿ ಅಷ್ಟೊಂದು ವ್ಯತ್ಯಾಸ ಇದೆಯಾ? ಪ್ಲಂಬರ್‌ಗೆ ಐಟಿಐ ಸರ್ಟಿಫಿಕೇಟ್ ಇದೆ, ಪೆಟ್ಟಿಗೆ ತುಂಬ ಟೂಲ್ಸ್ ಇದೆ, ಬೇಡ ಅನ್ನೋ ಸ್ವಾತಂತ್ರ್ಯ ಇದೆ. ಇನ್ನೊಬ್ಬನಿಗೆ ಇರೋದು ಒಂದು ಹಗ್ಗ, ಒಂದು ಬಕೆಟ್, ಒಂದು ಜಾತಿ. ಬಾಬಾಸಾಹೇಬರು ಹೇಳಿದ್ದು ಇದನ್ನೇ ಅಲ್ವಾ? ಜಾತಿ ಬರೀ ಕೆಲಸವನ್ನ ಹಂಚಿದ್ದಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಸೀಳಿಟ್ಟಿದ್ದು ಅಂತ.

ನಮ್ಮ ಮನೇಲಿ ನಡೆದದ್ದೇ ಹೇಳ್ತೀನಿ. ಅಡುಗೆಮನೆ ನಲ್ಲಿ ಹಾಕೋಕೆ ಒಬ್ಬರು ಬಂದಿದ್ರು. ಒಳ್ಳೆ ಕೆಲಸಗಾರ, ಬಡವರೇ. ಪೈಪು ಅವರೇ ಕೂಡಿಸಿದರು, ನಲ್ಲಿ ಅವರೇ ಕೂರಿಸಿದರು, ತಿರುವಿ ನೀರು ಬಿಟ್ಟು ತೋರಿಸಿದರು. ಬಿಸಿಲು ಜೋರಿತ್ತು. ನಮ್ಮಾಕೆ ಅದೇ ನಲ್ಲಿಯಿಂದ ಲೋಟಕ್ಕೆ ನೀರು ಹಿಡಿದು ಕೊಟ್ಟಳು. ಅವರು ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದರು, "ಬೇಡಮ್ಮ, ನನ್ನ ಬಾಟಲ್ ಇದೆ" ಅಂದ್ರು. ಬಾಟಲ್ ಖಾಲಿ ಇತ್ತು. ಅವರ ಕೈಯಾರೆ ಕೂರಿಸಿದ ನಲ್ಲಿ, ಅವರ ಕೈಯಾರೆ ಕೂಡಿಸಿದ ಪೈಪು. ಮೈಲಿಗೆ ಆದದ್ದು ನಮ್ಮ ಲೋಟಕ್ಕೆ ಬಂದ ಮೇಲೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟಿಲ್ಲ. ಕೂಲಿ ಮಾಡೋ ಇಬ್ಬರ ಮಧ್ಯೆ ಹೀಗೆ ಮೆಟ್ಟಿಲು ಇಟ್ಟ ವ್ಯವಸ್ಥೆ ಮೇಲೆ ಸಿಟ್ಟಿದೆ.

ಹಾಗಾಗಿ ತಮ್ಮಾ, ನಮ್ಮ ತಾತಂದಿರು ತಪ್ಪಿಸಿಕೊಂಡದ್ದು ಕೆಲಸದಿಂದ ಅಲ್ಲ. ಬಲವಂತದಿಂದ, ಅವಮಾನದಿಂದ, ಬೇಡ ಅನ್ನೋಕೆ ಆಗದ ಸ್ಥಿತಿಯಿಂದ. ಮಲ ಬಳಿಯೋದ್ರಲ್ಲಿ ಪುಣ್ಯ ಇದೆ, ಸೇವೆ ಇದೆ ಅಂತ ಹೊಗಳಿ ನಮ್ಮನ್ನ ಅಲ್ಲೇ ಕೂರಿಸೋ ಮಾತನ್ನ ಬಾಬಾಸಾಹೇಬರು ಒಪ್ಪಲಿಲ್ಲ, ನಾವೂ ಒಪ್ಪಲ್ಲ. ನಾನು ಹೇಳ್ತಿರೋದು ಅದರ ಉಲ್ಟಾ. ಪ್ರತಿ ಮನೆಯವರೂ, ಬ್ರಾಹ್ಮಣರಿಂದ ಹಿಡಿದು ನಮ್ಮವರೆಗೂ, ತಮ್ಮ ಮನೆ ಟ್ರ್ಯಾಪ್ ತಾವೇ ಬಿಚ್ಚಿ ತೊಳೆಯೋದು ಕಲಿತರೆ 'ಆ ಕೆಲಸಕ್ಕೆ ಒಂದು ಜಾತಿ' ಅನ್ನೋದಕ್ಕೆ ಜಾಗ ಇರಲ್ಲ. ಪೆನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ಪೆನ್ನು ಹಿಡಿದವನಿಗೂ ಸ್ಪ್ಯಾನರ್ ಗೊತ್ತಿರಲಿ ಅಂತಿದ್ದೀನಿ.

*ಎಲ್ಲಿಂದ ಶುರು ಮಾಡೋದು*

ಮೊದಲು ಮನೆಯ ಮೇನ್ ವಾಲ್ವ್ ಎಲ್ಲಿದೆ ನೋಡಿಕೊಳ್ಳಿ. ಹೆಂಗಸರು, ಮಕ್ಕಳು, ವಯಸ್ಸಾದವರು, ಎಲ್ಲರಿಗೂ ಅದು ಗೊತ್ತಿರಬೇಕು. ಪೈಪು ಒಡೆದಾಗ ಮೊದಲು ಮಾಡೋ ಕೆಲಸ ಅದನ್ನ ಮುಚ್ಚೋದು.

ನಲ್ಲಿ ಬಾಯಿಂದ ತೊಟ್ಟಿಕ್ಕಿದ್ರೆ ಸಾಮಾನ್ಯವಾಗಿ ವಾಷರ್ ಸವೆದಿದೆ ಅಂತ. ಹಿಡಿ ಪಕ್ಕದಿಂದ ಸೋರಿದ್ರೆ ಒಳಗಿನ ಪ್ಯಾಕಿಂಗ್ ಹೋಗಿದೆ ಅಂತ. ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಖಾಲಿ ಮಾಡಿ, ಸ್ಪ್ಯಾನರಲ್ಲಿ ತಲೆ ಬಿಚ್ಚಿ, ಹಳೇ ವಾಷರ್ ಅಂಗಡಿಗೆ ಒಯ್ದು ಅದೇ ಅಳತೇದು ತನ್ನಿ. ಸೆಕೆಂಡಿಗೆ ಒಂದು ಹನಿ ಅಂದ್ರೆ ದಿನಕ್ಕೆ 86,400 ಹನಿ. ನೀರಿಗಾಗಿ ಇಷ್ಟು ಹೋರಾಡಿದ ಜನ ನಾವು, ಅದನ್ನ ಮೋರಿಗೆ ಬಿಡಬಾರದು.

ಟೆಫ್ಲಾನ್ ಟೇಪನ್ನ ಮರೆಯ ತುದಿ ನಿಮ್ಮ ಕಡೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದ್ರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತೆ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪೇ ಬೇಕು, ಯುಪಿವಿಸಿ ತಡೆಯಲ್ಲ. ವಾಷ್ ಬೇಸಿನ್ ಕಟ್ಟಿಕೊಂಡ್ರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪನ್ನ ಕೈಯಲ್ಲೇ ಬಿಚ್ಚಬಹುದು. ಗ್ಲೌಸ್ ಹಾಕಿಕೊಳ್ಳಿ. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಯಾವತ್ತೂ ಒಟ್ಟಿಗೆ ಸುರೀಬೇಡಿ, ವಿಷದ ಗಾಳಿ ಬರುತ್ತೆ.

ಮನೆ ಪ್ಲಂಬಿಂಗ್ ಎಲ್ಲಿಗೆ ಮುಗಿಯುತ್ತೆ ಅನ್ನೋದನ್ನೂ ಕಲೀಬೇಕು. ಟ್ರ್ಯಾಪ್‌ವರೆಗೆ ನಾವು. ಸೆಪ್ಟಿಕ್ ಟ್ಯಾಂಕು, ಮ್ಯಾನ್‌ಹೋಲು ಮನುಷ್ಯರ ಕೆಲಸ ಅಲ್ಲ, ಯಂತ್ರದ್ದು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಅದು ಜಾಸ್ತಿ ಇದ್ದಾಗ ವಾಸನೆ ತಿಳಿಯೋ ಶಕ್ತಿಯನ್ನೇ ಕೊಲ್ಲುತ್ತೆ, ವಾಸನೆ ಇಲ್ಲ ಅಂದುಕೊಂಡು ಇಳಿದವನು ಮೇಲೆ ಬರಲ್ಲ. ಅವನನ್ನ ಎತ್ತೋಕೆ ಇಳಿದವನೂ ಬರಲ್ಲ. ಟ್ರ್ಯಾಪಿನ ಎರಡಿಂಚು ನೀರು ಮನೆಯವರನ್ನೆಲ್ಲ ಕಾಯುತ್ತೆ. ಮ್ಯಾನ್‌ಹೋಲ್ ಒಳಗೆ ನಿಂತವನನ್ನ ಕಾಯೋಕೆ ಏನೂ ಇಲ್ಲ. 2013ರ ಕಾಯ್ದೆ ಪ್ರಕಾರ ಹೀಗೆ ಅಪಾಯಕ್ಕೆ ಒಡ್ಡಿ ಯಾರನ್ನಾದ್ರೂ ಇಳಿಸಿದ್ರೆ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇದು ಮನೆ ಮಾಲೀಕರಿಗೂ ಅನ್ವಯ. ನಮ್ಮ ಜಾತಿಯ ಮಾಲೀಕರಿಗೂ. ಸ್ವಂತ ಮನೆ ಕಟ್ಟಿಸಿಕೊಂಡ ನಮ್ಮವರೇ ಐನೂರು ರೂಪಾಯಿ, ಒಂದು ಕ್ವಾರ್ಟರ್ ಕೊಟ್ಟು ನಮ್ಮವರನ್ನೇ ಗುಂಡಿಗಿಳಿಸಿದರೆ ಜೈಭೀಮ್ ಅನ್ನೋ ಹಕ್ಕು ಅವರಿಗಿಲ್ಲ.

ಕೊನೇದಾಗಿ ಒಂದು ಕೋರಿಕೆ. ಏಪ್ರಿಲ್ 14 ಹತ್ರ ಬಂತು. ಎಲ್ಲ ಕಡೆ ಫ್ಲೆಕ್ಸ್, ಡಿಜೆಗೆ ಚಂದಾ ಎತ್ತುತ್ತಿದ್ದೀರಿ. ಆ ದುಡ್ಡಲ್ಲಿ ಒಂದು ಫ್ಲೆಕ್ಸ್ ಕಮ್ಮಿ ಮಾಡಿ. ಎರಡು ಸ್ಪ್ಯಾನರ್, ಒಂದು ಪೈಪ್ ರೆಂಚ್, ಒಂದು ಹ್ಯಾಕ್ಸಾ, ಟೇಪು, ವಾಷರ್, ಗ್ಲೌಸ್ ತಗೊಂಡು ಕೇರಿಯ ಅಂಬೇಡ್ಕರ್ ಭವನದಲ್ಲಿ ಇಡಿ, ಪುಸ್ತಕದ ಕಪಾಟಿನ ಪಕ್ಕದಲ್ಲೇ. ಐಟಿಐ ಮಾಡಿದ ಹುಡುಗರು ನಮ್ಮಲ್ಲಿದ್ದಾರೆ, ಒಂದು ಭಾನುವಾರ ಕರೆಸಿ. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳನ್ನ ಮೊದಲ ಸಾಲಲ್ಲಿ ಕೂರಿಸಿ. ಕೊಡ ಹೊತ್ತವರು ಅವರು, ನಲ್ಲಿ ವಿದ್ಯೆ ಮೊದಲು ಅವರ ಕೈಗೇ ಸಿಗಲಿ.

ಜೈಭೀಮ್.